ಸಾವ್ಕಾರನ ಹೆಗಲಿಗೆ ಒಂದು ಕಂಬಳಿ

ಸಾವ್ಕಾರ ನಮ್ಮ ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಕಾರು ನಿಲ್ಲಿಸಿ, ಬಾಗಿಲ ಹೊರಗೇ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು ಎಷ್ಟಾಯಿತು ಎಂದು ಕೇಳಿ ಹೊರಟುಬಿಡುತ್ತಿದ್ದ. ಎದುರಿಗೆ ಸಿಕ್ಕಾಗ ನಾನು ‘ಸಾವ್ಕಾರ್ರೇ’ ಎಂದು ಮರ್ಯಾದೆ ಕೊಟ್ಟೇ ಮಾತಾಡಿದ್ದೇನೆ. ಇಲ್ಲಿ ಮಾತ್ರ ಅವನು ಎಂದೇ ಬರೆಯುತ್ತೇನೆ. ಬರೆಯುವಾಗಲೂ ಅವನಿಗೆ ಬಹುವಚನ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಚಳ್ಳಕೆರೆಯ ಹೊರಗೆ, ಬಳ್ಳಾರಿ ರಸ್ತೆಯ ಪಕ್ಕ, ಹಿಂದೆ ಶೇಂಗಾ ತುಂಬುತ್ತಿದ್ದ ಒಂದು ತಗಡಿನ ಗೋಡೌನು ನಮ್ಮ ಶೆಡ್ಡು. ನಾನು ಅಲ್ಲಿ ಕಂಬಳಿಗೆ ಗಂಜಿ ಹಚ್ಚುವ ಹೆಂಗಸರ ಮೇಸ್ತ್ರಿ. ನನ್ನ ಗಂಡನ ತಂಗಿ, ಅಂದರೆ ನನ್ನ ನಾದಿನಿ, ನಮ್ಮ ಪೈಕಿ ಎಲ್ಲರಿಗಿಂತ ಒಳ್ಳೆಯ ಕೈ. ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಅದರ ತುದಿ ಹುಡುಕಿ ಗಂಟು ಹಾಕಬೇಕು. ಅವಳು ಅದನ್ನು ಬೇರೆ ಕಡೆ ನೋಡಿಕೊಂಡು, ಯಾರ ಮನೆಯಲ್ಲಿ ಏನು ಜಗಳವೆಂದು ಹೇಳಿಕೊಂಡು, ಬೆರಳಲ್ಲೇ ಮಾಡಿ ಮುಗಿಸುತ್ತಿದ್ದಳು. ಅವಳ ಬೆರಳು ಅವಳ ಅನ್ನ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಸಾವ್ಕಾರ ಮೊಳಕಾಲ್ಮುರಿನವನು, ರೇಷ್ಮೆ ಸೀರೆ ಅಂಗಡಿಯವನು. ಕಂಬಳಿಗೂ ಅವನಿಗೂ ಸಂಬಂಧವಿರಲಿಲ್ಲ. ಬೆಂಕಿ ಹತ್ತದ ಕಂಬಳಿ ಬೇಕೆಂದು ಹೊರಗಿನ ಕಂಪನಿಯೊಂದು ಕೇಳಿತೆಂದು ಆರ್ಡರು ಹಿಡಿದುಕೊಂಡು ನಮ್ಮಲ್ಲಿಗೆ ಬಂದ. ವೆಲ್ಡಿಂಗ್ ಮಾಡುವ ಕಡೆ, ದೊಡ್ಡ ದೊಡ್ಡ ಅಡುಗೆಮನೆಗಳಲ್ಲಿ ಬೆಂಕಿ ಎದ್ದರೆ ಮೇಲೆ ಎಸೆದು ಆರಿಸುವುದಕ್ಕಂತೆ. ನಮಗೆ ನಗು ಬಂತು. ಕುರಿ ಉಣ್ಣೆ ಎಲ್ಲಿ ಧಗಧಗ ಉರಿಯುತ್ತದೆ? ಕಡ್ಡಿ ಗೀರಿ ಹಿಡಿದರೆ ಕೂದಲು ಸುಟ್ಟ ವಾಸನೆ ಬಂದು, ಅಷ್ಟು ಕರಕಾಗಿ, ತಾನೇ ಆರುತ್ತದೆ. ಆದರೆ ಅವನು ಕಳಿಸಿದ ನೂಲು ಪೂರ್ತಿ ಉಣ್ಣೆಯದಾಗಿರಲಿಲ್ಲ. ಹಳೆ ಪಾಲಿಯೆಸ್ಟರ್ ಬಟ್ಟೆ ಹರಿದು ನೂತ ಮಿಲ್ಲಿನ ನೂಲಿಗೆ ಹೆಸರಿಗೆ ಮಾತ್ರ ಉಣ್ಣೆ ಸೇರಿಸಿದ್ದರು. ಕಡ್ಡಿ ತಾಗಿದರೆ ಸಾಕು, ಕರಗಿ ತೊಟ್ಟಿಕ್ಕುತ್ತಾ ಉರಿಯುತ್ತಿತ್ತು. ಆ ಕಳ್ಳತನ ಮುಚ್ಚಲು ಬಂದದ್ದೇ ಚೀಲದಲ್ಲಿ ಬಿಳಿ ಪುಡಿ, ನೀಲಿ ಡ್ರಮ್ಮಿನಲ್ಲಿ ಎಣ್ಣೆ. ಡ್ರಮ್ಮಿನ ಮೇಲಿನ ಚೀಟಿಯನ್ನು ಯಾರೋ ನೀಟಾಗಿ ಕೆರೆದು ತೆಗೆದಿದ್ದರು.

ಕೆಲಸದ ಕ್ರಮ ಹೀಗೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ದೊಡ್ಡ ಬಾನಿಯ ನೀರಲ್ಲಿ ಕುದಿಸಿ ಗಂಜಿ ಮಾಡುವುದು ನಮ್ಮ ಹಳೆಯ ಪದ್ಧತಿ. ಆ ಗಂಜಿಗೆ ಈಗ ಪುಡಿ ಸುರಿದು, ಎಣ್ಣೆ ಬಿಟ್ಟು, ಕೋಲಿನಲ್ಲಿ ತಿರುವಬೇಕು. ಪುಡಿ ಬೆಂಕಿಯನ್ನು ತಡೆಯುತ್ತದೆ, ಎಣ್ಣೆ ಪುಡಿಯನ್ನು ಹಿಡಿದುಕೊಳ್ಳುವುದಲ್ಲದೆ ಕಂಬಳಿ ರಟ್ಟಿನಂತೆ ಗಡುಸಾಗದಂತೆ ಮೆತ್ತಗೆ ಇಡುತ್ತದೆ ಎಂದು ಸಾವ್ಕಾರ ಹೇಳಿಕೊಟ್ಟ, ಬಾಗಿಲ ಹೊರಗಿನಿಂದಲೇ. ನೇಯ್ದ ಕಂಬಳಿಯನ್ನು ಕಲ್ಲುಚಪ್ಪಡಿ ಮೇಲೆ ಹಾಸಿ, ಈ ಗಂಜಿಯನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಎರಡೂ ಮಗ್ಗುಲಿಗೆ ಕುಡಿಸಬೇಕು. ಮೊದಲೆಲ್ಲ ಕಂಬಳಿಯನ್ನು ಬಿಸಿಲಿಗೆ ಹಾಕುತ್ತಿದ್ದೆವು. ಇದನ್ನು ಮಾತ್ರ ಶೆಡ್ಡಿನೊಳಗೆ ಹಗ್ಗಕ್ಕೆ ನೇತುಹಾಕಿ, ಬಾಗಿಲು ಮುಚ್ಚಿ, ಬಿಸಿಗಾಳಿಯ ಮಿಷನ್ ಹಚ್ಚಿ ಒಣಗಿಸಬೇಕಿತ್ತು. ಆ ಮಿಷನ್ ಓಡುವಾಗ ಗಾಳಿಯೇ ಜಿಡ್ಡಾಗುತ್ತಿತ್ತು. ಮನೆಗೆ ಹೋಗಿ ಸೀಗೆಪುಡಿ ಹಾಕಿ ಉಜ್ಜಿದರೂ ಮೈಯ ಜಿಡ್ಡು ಬಿಡುತ್ತಿರಲಿಲ್ಲ. ರೊಟ್ಟಿ ತಟ್ಟಿದರೆ ರೊಟ್ಟಿಗೂ ಅದೇ ವಾಸನೆ.

ಗಂಜಿಯ ಹದ ನೋಡುವುದು ನಾಲಿಗೆಯಿಂದ. ನಮ್ಮ ಅತ್ತೆ, ಅವರ ಅತ್ತೆ, ಎಲ್ಲರೂ ಹಾಗೇ ನೋಡಿದವರು. ಬೆರಳ ತುದಿಗೆ ಅಷ್ಟು ತೆಗೆದುಕೊಂಡು ನಾಲಿಗೆಗೆ ಇಟ್ಟರೆ, ಬೇಯದ್ದು ಒಗರು ಹಿಡಿಯುತ್ತದೆ, ಬೆಂದದ್ದು ಜಾರುತ್ತದೆ. ಹುಣಸೆ ಬೀಜವಲ್ಲವೇ, ತಿನ್ನುವ ಪದಾರ್ಥ. ಎಣ್ಣೆ ಪುಡಿ ಬಿದ್ದ ಮೇಲೂ ಕೈ ಅಭ್ಯಾಸದಂತೆ ಬಾಯಿಗೆ ಹೋಗುತ್ತಿತ್ತು. ನನ್ನ ನಾದಿನಿಯದು ಎಲ್ಲರಿಗಿಂತ ಚುರುಕು ನಾಲಿಗೆ, ಹಾಗಾಗಿ ಪ್ರತಿ ಬಾನಿಯ ಹದವನ್ನೂ ಅವಳೇ ನೋಡುತ್ತಿದ್ದಳು. ಒಂದು ದಿನ ಅವಳು ಹಾಗೆ ಬೆರಳು ನೆಕ್ಕುತ್ತಿದ್ದಾಗ ಸಾವ್ಕಾರ ಬಾಗಿಲಲ್ಲಿ ನಿಂತಿದ್ದ. ನೋಡಿದ. ಏನೋ ಹೇಳಲು ಬಾಯಿ ತೆರೆದಂತೆ ಮಾಡಿ, ಮತ್ತೆ ಕರ್ಚೀಫು ಮೂಗಿಗೆ ಒತ್ತಿಕೊಂಡು, ನಾಳೆ ಗಾಡಿ ಬರುತ್ತದೆ ಬೇಗ ಮುಗಿಸಿ ಎಂದು ಹೊರಟ. ಆ ತೆರೆದು ಮುಚ್ಚಿದ ಬಾಯಿಯನ್ನು ನಾನು ಮರೆತಿಲ್ಲ. ಅವನ ಮೇಲಿನ ನನ್ನ ಸೇಡಿಗೆ ಬೇರೆ ಕಾರಣ ಏನೂ ಬೇಕಿಲ್ಲ, ಅದೊಂದೇ ಸಾಕು.

ಉಳಿದ ಗಂಜಿಯನ್ನು ಕುರಿಗೆ ಕುಡಿಸುವುದೂ ಪದ್ಧತಿ. ನಾದಿನಿ ಒಮ್ಮೆ ಬಕೆಟ್ಟಿನಲ್ಲಿ ಹೊತ್ತು ಮನೆಗೆ ಒಯ್ದಳು. ಕುರಿ ಮೂಸಿ ಮುಖ ತಿರುಗಿಸಿತು. ನಾವು ಅದಕ್ಕೇ ಬೈದೆವು. ಕುರಿಗೆ ಬಂದ ಬುದ್ಧಿ ನಮಗೆ ಬರಲಿಲ್ಲ.

ಮೊದಲು ಅಂಗೈ ಸುಲಿಯಿತು. ಅದು ಎಲ್ಲರಿಗೂ ಆಯಿತು. ಗ್ಲೌಸು ಕೇಳಿದೆ. ಆಸ್ಪತ್ರೆಯಲ್ಲಿ ಹಾಕಿಕೊಳ್ಳುತ್ತಾರಲ್ಲ, ಅಂಥ ಪೊರೆಯಂಥವು ಬಂದವು. ಮಧ್ಯಾಹ್ನದೊಳಗೆ ಎಣ್ಣೆಗೆ ಉಬ್ಬಿ ಹರಿದವು. ದಪ್ಪನೆಯವು ಬೇಕು ಎಂದರೆ, ದಪ್ಪ ಹಾಕಿಕೊಂಡರೆ ಕೈ ಓಡುವುದಿಲ್ಲ ಎಂದ. ಬಾಗಿಲಾದರೂ ತೆರೆಯುತ್ತೇವೆ ಎಂದರೆ, ಧೂಳು ಕೂರುತ್ತದೆ ಎಂದ. ಅಷ್ಟಕ್ಕೂ ಅದರಲ್ಲಿ ಏನಿದೆ ಎಂದು ನಾನು ನೇರವಾಗಿಯೇ ಕೇಳಿದೆ.

“ಏನಿಲ್ಲಮ್ಮ. ಉಪ್ಪಿದ್ದಂಗೆ ಪುಡಿ, ಎಣ್ಣೆ ಇದ್ದಂಗೆ ಎಣ್ಣೆ. ಮೈಗೆ ಹಚ್ಕಂಡ್ರೂ ಏನೂ ಆಗಲ್ಲ” ಎಂದ.

ಮೈಗೆ ಹಚ್ಚಿಕೊಂಡರೂ ಏನೂ ಆಗಲ್ಲ. ಈ ಮಾತನ್ನು ಸೆರಗಿಗೆ ಗಂಟು ಹಾಕಿ ಇಟ್ಟುಕೊಂಡೆ.

ಆಮೇಲೊಂದು ದಿನ ಮಗ್ಗದಲ್ಲಿ ಎಳೆ ಕಡಿಯಿತು. ನಾದಿನಿ ಎಂದಿನಂತೆ ಬೇರೆ ಕಡೆ ನೋಡಿಕೊಂಡು ಕೈ ಹಾಕಿದಳು. ಮಾತು ನಿಲ್ಲಿಸಿದಳು. ಬಗ್ಗಿ ನೋಡಿದಳು. ಮತ್ತೆ ಕೈ ಹಾಕಿದಳು.

“ಅತ್ತಿಗೆ, ಎಳೆ ಕೈಗೆ ಸಿಗ್ತಿಲ್ಲ. ಬೆಳ್ಳು ಸತ್ತಂಗೈತೆ” ಎಂದಳು.

ನಾನು ಅವಳ ಬೆರಳನ್ನು ಚಿವುಟಿದೆ. ನಗುತ್ತಾ ನೋಡುತ್ತಿದ್ದಳು, ನೋವಾಗಲಿಲ್ಲ. ಆ ವಾರದಲ್ಲೇ ನಡೆಯುವಾಗ ಅವಳ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿಯತೊಡಗಿತು. ಉಳಿದದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಹಿಂದಿನಿಂದ ಬರುವವರು ಎತ್ತಿ ಕೊಡಬೇಕು.

ಚಳ್ಳಕೆರೆಯಲ್ಲಿ ಒಬ್ಬರು ಡಾಕ್ಟರು, ವಯಸ್ಸಾದವರು, ನಿಧಾನಸ್ಥರು. ಅಂಗಾಲು ಗೀರಿ, ಮೊಣಕಾಲು ತಟ್ಟಿ, ಬಹಳ ಹೊತ್ತು ನೋಡಿದರು. ಬೆಂಕಿ ಹತ್ತದಂತೆ ಮಾಡುವ, ಮೆತ್ತಗೆ ಮಾಡುವ ಇಂಥ ಎಣ್ಣೆಗಳು ಬಹಳ ಜಾತಿ ಇವೆಯೆಂದೂ, ಕೆಲವು ಚರ್ಮವನ್ನಷ್ಟೇ ಕೆಡಿಸಿದರೆ ಕೆಲವು ಹೊಟ್ಟೆಗೆ ಹೋದರೆ ನರಕ್ಕೇ ಹೊಡೆಯುತ್ತವೆಯೆಂದೂ ಹೇಳಿದರು. ಎಲ್ಲಕ್ಕಿಂತ ಮೊದಲು ಮುಟ್ಟುವುದು ಬಿಡಿಸು ಎಂದರು. ಆಮೇಲೆ ಕನ್ನಡಕ ತೆಗೆದು, “ಅದರ ಹೆಸರು ತಗಂಡು ಬಾರಮ್ಮ. ಹೆಸರಿಲ್ದೆ ನಾನು ಕತ್ತಲಲ್ಲಿ ಕಲ್ಲು ಹೊಡ್ದಂಗಾಗುತ್ತೆ” ಎಂದರು.

ನಾದಿನಿಯನ್ನು ಗಂಜಿಯಿಂದ ಬಿಡಿಸಿ ಬಾಗಿಲ ಬಳಿ ಗಾಳಿಗೆ ಕೂರಿಸಿದೆ. ನಾಲಿಗೆಗೆ ಇಡುವುದನ್ನು ಎಲ್ಲರಿಗೂ ಬಿಡಿಸಿದೆ. ಹೆಸರಿಗಾಗಿ ಸಾವ್ಕಾರನಿಗೆ ಫೋನು ಮಾಡಿದೆ. ಇವತ್ತು ಕೇಳಿ ಹೇಳುತ್ತೇನೆ ಎಂದ, ನಾಳೆ ಎಂದ, ಆಮೇಲೆ ನನ್ನ ನಂಬರು ನೋಡಿದರೆ ಎತ್ತುವುದನ್ನೇ ಬಿಟ್ಟ. ಎಲ್ಲರೂ ಕೆಲಸ ನಿಲ್ಲಿಸೋಣ ಎಂದು ನಾನು ಹೆಂಗಸರಿಗೆ ಹೇಳಿದರೆ ಅರ್ಧ ಜನ ನನ್ನ ಮೇಲೇ ಬಿದ್ದರು. ಬಿಸಿಲಲ್ಲಿ ಶೇಂಗಾ ಕೀಳುವುದಕ್ಕಿಂತ ಇದು ವಾಸಿ ಎಂಬುದು ಅವರ ಲೆಕ್ಕ. “ಕಂಬ್ಳಿ ಮ್ಯಾಲೆ ಕುಂತು ಉಣ್ಣೋರು ಕೂದ್ಲು ಬಂತು ಅಂತ ಅತ್ರೆ ಹೆಂಗಮ್ಮ?” ಎಂದು ಒಬ್ಬಳು ಚುಚ್ಚಿದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಹಾಗೆ ಹೋಗು ಎಂದು ನನ್ನ ಗಂಡ ಬುದ್ಧಿ ಹೇಳಿದ. ನನಗೆ ಹಾವು ಸಾಯಬೇಕಿತ್ತು. ಕೋಲಿನ ಚಿಂತೆ ಇರಲಿಲ್ಲ.

ಅಷ್ಟರಲ್ಲಿ ಕಂಪನಿಯ ಅಧಿಕಾರಿ ಮಾಲು ನೋಡಲು ಬರುತ್ತಾನೆ ಎಂದು ಸುದ್ದಿ ಬಂತು. ಸಾವ್ಕಾರ ಕಾರಿನಲ್ಲಿ ಓಡೋಡಿ ಬಂದ. ಶೆಡ್ಡಿನ ಮುಂದೆ ನೀರು ಚಿಮುಕಿಸಲು, ಬಾಗಿಲು ತೆರೆದಿಡಲು ಹೇಳಿದ. ಅಂತೂ ಆ ಬಾಗಿಲು ತೆರೆಯುವ ಬಾಗಿಲೇ ಎಂದು ಅಂದು ಗೊತ್ತಾಯಿತು. ಆಮೇಲೆ ನಾದಿನಿಯ ಕಡೆ ಗದ್ದದಲ್ಲೇ ತೋರಿಸಿ, ದನಿ ತಗ್ಗಿಸಿ ಹೇಳಿದ.

“ಅಧಿಕಾರಿ ಬರೋ ದಿನ ಆಯಮ್ಮ ಮನೇಲಿರ್ಲಿ. ಆ ಕೈ ನೋಡಿದ್ರೆ ಅವರು ಹೇಸಿಗೆ ಪಟ್ಕಂತಾರೆ.”

ನಾದಿನಿಗೆ ಕೇಳಿಸಿತು. ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು. ನನಗೆ ಅಲ್ಲೇ ಅವನ ಕೊರಳಪಟ್ಟಿ ಹಿಡಿದು ಬಾನಿಗೆ ಮುಖ ಅದ್ದಬೇಕು ಅನ್ನಿಸಿತು. ಅದ್ದಲಿಲ್ಲ. ನಕ್ಕೆ. ದೊಡ್ಡವರು ಬರುತ್ತಾರೆ, ನಮ್ಮ ಕಡೆಯ ಮರ್ಯಾದೆಯಂತೆ ಕಂಬಳಿ ಹೊದಿಸಿ ಸನ್ಮಾನ ಮಾಡೋಣವೇ ಎಂದು ಕೇಳಿದೆ. ಅವನ ಮುಖ ಅರಳಿತು. ಬಹಳ ಒಳ್ಳೆಯದು ಎಂದ. ಕಾರು ಹತ್ತಿದವನು ಮತ್ತೆ ಇಳಿದು, ಅಧಿಕಾರಿಗೆ ಈ ಮಾಲಿನದು ಬೇಡ, ಸಂತೆಯಿಂದ ಹಳೆಯ ಕಾಲದ ಕರಿ ಕಂಬಳಿ ತನ್ನಿ, ಬರೀ ಉಣ್ಣೆಯದು, ಎಂದು ಒತ್ತಿ ಹೇಳಿದ.

ಅಲ್ಲಿಯವರೆಗೆ ನನಗೆ ಒಂದು ಸಣ್ಣ ಅನುಮಾನವಿತ್ತು, ಇವನಿಗೂ ತಿಳಿಯದೇ ಇರಬಹುದು ಎಂದು. ಅವನು ಕಾರಿನಿಂದ ಮತ್ತೆ ಇಳಿದನಲ್ಲ, ಅಲ್ಲಿಗೆ ಅದು ಹೋಯಿತು. ಏನು ಮಾಡಬೇಕೆಂದು ಅಲ್ಲೇ ತೀರ್ಮಾನಿಸಿದೆ.

ಹೇಳಿದಂತೆ ಕರಿ ಕಂಬಳಿ ತಂದೆವು, ಒಳ್ಳೆಯದನ್ನೇ. ಮಾಲಿನ ಪೈಕಿ ಒಂದನ್ನು ಹಿಂದಿನ ಸಂಜೆ ತಾನೇ ಗಂಜಿ ಕುಡಿಸಿ ಒಣಗಲು ಹಾಕಿದ್ದೆವು, ಇನ್ನೂ ಜಿಡ್ಡು ಆರಿರಲಿಲ್ಲ. ಅದನ್ನು ಮಡಚಿ ಒಂದು ತಟ್ಟೆಯಲ್ಲಿಟ್ಟು, ಮೇಲೆ ಹೂವಿಟ್ಟು, ಎಲೆ ಅಡಿಕೆ ಇಟ್ಟೆ. ನಾದಿನಿಯನ್ನು ಬಾಗಿಲ ಹಿಂದೆ ನಿಲ್ಲಿಸಿದೆ.

ಅಧಿಕಾರಿ ಕಂಬಳಿಯೊಂದಕ್ಕೆ ಲೈಟರು ಹಿಡಿದು ನೋಡಿದ. ಹತ್ತಲಿಲ್ಲ. ತಲೆದೂಗಿದ. ಶೆಡ್ಡಿನ ಮುಂದೆ ಕುರ್ಚಿ ಹಾಕಿದ್ದೆವು. ಅವನಿಗೆ ಕರಿ ಕಂಬಳಿ ಹೊದಿಸಿದೆವು, ಚಪ್ಪಾಳೆಯಾಯಿತು. ಅವನು ಅದನ್ನು ಸವರಿ ಸವರಿ ನೋಡಿ ಖುಷಿಪಟ್ಟ. ನಾನು ಎರಡನೆಯ ತಟ್ಟೆ ಎತ್ತಿಕೊಂಡು, ನಮಗೆ ಇಷ್ಟು ಕೆಲಸ ಕೊಟ್ಟ ಸಾವ್ಕಾರರಿಗೂ ಒಂದು ಗೌರವ ಎಂದೆ. ಅವನು ಬೇಡ ಬೇಡ ಎಂದು ಎದ್ದ. ನಾಚಿಕೆ ಎಂದುಕೊಂಡು ಅಧಿಕಾರಿಯೇ ಭುಜ ಹಿಡಿದು ಕೂರಿಸಿದ. ನಾನು ಕಂಬಳಿ ಬಿಡಿಸಿ ಕೊರಳು, ಹೆಗಲು, ಎದೆ ಮುಚ್ಚುವಂತೆ ಹೊದಿಸಿ, ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿದೆ. ಬಿಸಿಲಿತ್ತು. ಅವನು ಬೆವರುತ್ತಿದ್ದ. ಹೆಂಗಸರು ಚಪ್ಪಾಳೆ ತಟ್ಟಿದರು, ನನ್ನನ್ನು ಚುಚ್ಚಿದವಳೂ ತಟ್ಟಿದಳು.

ಸನ್ಮಾನದ ಕಂಬಳಿಯನ್ನು ನಮ್ಮ ಕಡೆ ಸಭೆ ಏಳುವವರೆಗೂ ಯಾರೂ ತೆಗೆಯುವುದಿಲ್ಲ. ಅವನು ಕೊರಳು ಆ ಕಡೆ ಈ ಕಡೆ ತಿರುಗಿಸಿದ. ನಾನು ಮಾತನ್ನು ಬೇಕೆಂದೇ ಎಳೆದೆ, ಚಳ್ಳಕೆರೆ ಕಂಬಳಿಯ ಹಿರಿಮೆ, ಕುರಿ, ದೇವರು, ಹಿರಿಯರು ಎಂದು ಬಾಯಿಗೆ ಬಂದದ್ದೆಲ್ಲ. ಅರ್ಧದಲ್ಲಿ ಅವನು ಕುರ್ಚಿ ಬೀಳುವಂತೆ ಎದ್ದು, ಕಂಬಳಿಯನ್ನು ಕಿತ್ತು ನೆಲಕ್ಕೆ ಬಿಸುಟು, ನಲ್ಲಿಯ ಕಡೆ ನಡೆದ. ಕಾರಿನಿಂದ ಸೋಪು ತರಿಸಿಕೊಂಡು, ಅಧಿಕಾರಿಯ ಎದುರಿಗೇ ಮುಖ, ಕೊರಳು, ಕಿವಿಯ ಹಿಂದೆ, ಅಂಗೈ ಎಲ್ಲ ಉಜ್ಜಿ ತೊಳೆದ. ಮತ್ತೆ ಸೋಪು ಹಚ್ಚಿ ಮತ್ತೆ ತೊಳೆದ. ಹಣೆಯ ವಿಭೂತಿಯೂ ಹೋಯಿತು.

ಯಾಕೆ ಎಂದು ಅಧಿಕಾರಿ ಕೇಳಿದ. ಸೆಕೆ ಎಂದ. ಅಧಿಕಾರಿ ದಡ್ಡನಲ್ಲ. ತಾನು ಲೈಟರು ಹಿಡಿದು ನೋಡಿದ್ದ ಕಂಬಳಿಯ ಕಡೆ ನೋಡಿ, ಆಮೇಲೆ ತನ್ನ ಕೈ ನೋಡಿಕೊಂಡ. ನೀವು ಏನು ಹಾಕಿಕೊಂಡು ಈ ಕೆಲಸ ಮಾಡುತ್ತೀರಿ ಎಂದು ನಮ್ಮನ್ನು ಕೇಳಿದ. ನಾನು ನಾದಿನಿಯನ್ನು ಬಾಗಿಲ ಹಿಂದಿನಿಂದ ಕರೆದು ಕೈ ತೋರಿಸು ಎಂದೆ. ತೋರಿಸಿದಳು. ಯಾರೂ ಹೇಸಿಗೆ ಪಡಲಿಲ್ಲ. ಎಣ್ಣೆಯ ಪೂರ್ತಿ ವಿವರ ಬರುವವರೆಗೆ ಒಂದು ಕಂಬಳಿಯನ್ನೂ ಒಯ್ಯುವುದಿಲ್ಲ ಎಂದು ಅಧಿಕಾರಿ ಹೊರಟ. ಸಾವ್ಕಾರ ನನ್ನ ಮುಖ ನೋಡದೆ ಕಾರು ಹತ್ತಿದ.

ನನಗೆ ಅಂದು ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಸಂಜೆ ಹೋಳಿಗೆ ಮಾಡಿದೆ. ಆದರೆ ಶೆಡ್ಡು ಮುಚ್ಚಿತು. ಹೆಂಗಸರು ಕೆಲವರು ನಮ್ಮ ಬೀದಿಯಲ್ಲಿ ಬಂದರೂ ನನ್ನನ್ನು ಮಾತಾಡಿಸದೆ ಹೋದರು. ಇತ್ತ ಎಣ್ಣೆಯ ಹೆಸರೂ ಬರಲಿಲ್ಲ. ಕಂಪನಿಗೂ ಅವನು ವಿವರ ಕೊಡದೆ ಆರ್ಡರನ್ನೇ ಬಿಟ್ಟನಂತೆ. ಡ್ರಮ್ಮುಗಳನ್ನು ಆಳು ಕಳಿಸಿ ಎತ್ತಿಸಿಕೊಂಡ. ನಾದಿನಿ ಈಗ ಲೋಟ ಹಿಡಿದರೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂದು ಕಣ್ಣಲ್ಲಿ ನೋಡಿಕೊಳ್ಳಬೇಕಾಗಿತ್ತು. ಸೇಡು ತೀರಿತು ಎಂದುಕೊಂಡಿದ್ದೆ, ಅರ್ಧವೂ ತೀರಿರಲಿಲ್ಲ.

ಅವನು ಬಿಸುಟ ಕಂಬಳಿ ನನ್ನ ಹತ್ತಿರವೇ ಇತ್ತು. ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಅದನ್ನು ಯೂರಿಯಾ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ನಾದಿನಿಯನ್ನು ಕರೆದುಕೊಂಡು ಮೊಳಕಾಲ್ಮುರು ಬಸ್ಸು ಹತ್ತಿದೆ.

ಮದುವೆ ಕಾಲ, ಅಂಗಡಿ ತುಂಬ ಜನ. ಗೋಡೆಯಿಂದ ಗೋಡೆಗೆ ಬಿಳಿ ಹಾಸಿಗೆ, ಅದರ ಮೇಲೆ ಸೀರೆಗಳ ರಾಶಿ. ಚಪ್ಪಲಿ ಬಿಟ್ಟು ಹತ್ತಿ ಕೂತೆವು. ನಾನು ಚೀಲ ಬಿಚ್ಚಿ ಕಂಬಳಿಯನ್ನು ಅವನ ಗದ್ದುಗೆಯ ಮುಂದೆ ಸುರಿದೆ. ವಾಸನೆ ಎದ್ದಿತು. ಸೀರೆ ನೋಡುತ್ತಿದ್ದವರು ಹಿಂದೆ ಸರಿದರು.

“ಸಾವ್ಕಾರ್ರೇ, ನಿಮ್ಮ ಸನ್ಮಾನದ ಕಂಬ್ಳಿ ಬಿಟ್ಟು ಬಂದಿದ್ರಿ” ಎಂದೆ.

ಅವನು ಸೀರೆ ಮಡಚುತ್ತಿದ್ದ ಹಳೆಯ ಆಳಿಗೆ ತೆಲುಗಿನಲ್ಲಿ “ತೀಸೇಯ್ ರಾ” ಎಂದ, ತೆಗೆದು ಹಾಕೋ ಎಂದು. ನಮಗೇನು ತೆಲುಗು ಬಾರದೇ? ಮುಟ್ಟುವ ಮೊದಲು ಈ ಕೈ ನೋಡಪ್ಪ ಎಂದು ನಾನು ನಾದಿನಿಯ ಅಂಗೈಯನ್ನು ಆಳಿನ ಮುಂದೆ ಹಿಡಿದೆ. ಆಳು ನೋಡಿ, ಸಾವ್ಕಾರನ ಮುಖ ನೋಡಿ, ತನ್ನ ಕೈ ಹಿಂದೆ ಕಟ್ಟಿಕೊಂಡ.

“ನೀವೇ ಎತ್ತಿ ಆಚಿಗಿಡ್ರಿ. ಮೈಗೆ ಹಚ್ಕಂಡ್ರೂ ಏನೂ ಆಗಲ್ಲ ಅಂದಿದ್ರಲ್ಲ. ಇಲ್ಲಾಂದ್ರೆ ಆ ಎಣ್ಣೆ ಹೆಸ್ರು ಹೇಳ್ರಿ. ಹೇಳೋಗಂಟ ನಾವು ಏಳಲ್ಲ.”

ಪೊಲೀಸರನ್ನು ಕರೆಯುತ್ತೇನೆ ಎಂದ. ಕರೆಯಿರಿ, ಅವರ ಮುಂದೆಯೂ ಎತ್ತುವಿರಂತೆ ಎಂದೆ. ಗಿರಾಕಿಗಳಲ್ಲಿ ಒಬ್ಬ ಮುದುಕಿ ಅದೇನಮ್ಮ ಕೈಗೆ ಎಂದು ಕೇಳಿದಳು. ನಾದಿನಿ ಎಲ್ಲವನ್ನೂ ಹೇಳತೊಡಗಿದಳು, ಬಾನಿ, ಪುಡಿ, ನಾಲಿಗೆಗೆ ಇಟ್ಟದ್ದು. ನಾಲಿಗೆಯ ಮಾತಿಗೆ ಬಂದಾಗ ಸಾವ್ಕಾರ ಸಾಕು ಎಂದು ಕೈ ಎತ್ತಿದ. ನಾನು ಡಾಕ್ಟರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಅವನ ಮುಂದೆ ಹಿಡಿದೆ. ಫಾಸ್ಫೇಟ್ ಎಂದು ಮುಗಿಯುವ ಉದ್ದನೆಯ ಹೆಸರೊಂದನ್ನು ಅವನು ತಡವರಿಸದೆ, ಒಂದೇ ಉಸಿರಿಗೆ ಹೇಳಿದ. ಅಷ್ಟು ಚೆನ್ನಾಗಿ ಬಾಯಿಪಾಠವಿತ್ತು. ಆ ಕಡೆ ಡಾಕ್ಟರು ಹೆಸರನ್ನು ಬರೆದುಕೊಂಡು, ಆ ಹುಡುಗಿಯನ್ನು ನಾಳೆಯೇ ಕರೆದುಕೊಂಡು ಬಾ, ನರದ ಪರೀಕ್ಷೆಗೆ ದಾವಣಗೆರೆಗೆ ಬರೆದುಕೊಡುತ್ತೇನೆ ಎಂದರು.

ಹೆಸರು ಸಿಕ್ಕಿದ ಮೇಲೆ ಪರೀಕ್ಷೆ ಸರಿಯಾದ ದಾರಿಯಲ್ಲಿ ಆಯಿತು. ಎಣ್ಣೆ ನರಕ್ಕೇ ಹೊಡೆದಿತ್ತು. ಇದಕ್ಕೆಂದೇ ಒಂದು ಮದ್ದು ಇಲ್ಲವಂತೆ. ಮುಟ್ಟದೆ ಇರುವುದು, ವ್ಯಾಯಾಮ, ಕಾಯುವುದು, ಅಷ್ಟೇ. ಬೆರಳಿಗೆ ಬಿಸಿ ತಣ್ಣಗೆ ಈಗ ತಿಳಿಯುತ್ತದೆ. ಎಳೆ ತಿಳಿಯುವುದಿಲ್ಲ. ಉಳಿದ ಹೆಂಗಸರೂ ಆ ಹೆಸರು ಹೇಳಿಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ ಬಂದರು, ನನ್ನೊಂದಿಗೆ ಮಾತು ಬಿಟ್ಟವರೂ ಹೋದರು.

ಆ ದಿನ ಅಂಗಡಿಯಲ್ಲಿ ಫೋನು ಇಟ್ಟು ನಾವು ಎದ್ದೆವು. ಸಾವ್ಕಾರನ ದನಿ ಮೆತ್ತಗಾಗಿತ್ತು.

“ಹೇಳಿದ್ನಲ್ಲಮ್ಮ. ಕಂಬ್ಳಿ ತಗಂಡೋಗ್ರಿ.”

“ಅದು ನಿಮ್ದು ಸಾವ್ಕಾರ್ರೇ. ಒಂದ್ಸಲ ಹೊದಿಸಿದ ಕಂಬ್ಳೀನ ನಮ್ಮಾಗೆ ವಾಪಸ್ ತಗಳಲ್ಲ.”

ಮೆಟ್ಟಿಲ ಹತ್ತಿರ ನಾದಿನಿ ಚಪ್ಪಲಿಗಾಗಿ ಕಾಲಾಡಿಸುತ್ತಾ ನಿಂತಳು, ಕಾಲಿಗೆ ಅದು ಸಿಕ್ಕಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ನಾನು ಬಗ್ಗಿ ತೊಡಿಸಿದೆ. “ಎತ್ತಿದ್ನಾ ಅತ್ತಿಗೆ?” ಎಂದು ಕೇಳಿದಳು. ತಿರುಗಿ ನೋಡಿದೆ. ಗಿರಾಕಿಗಳು ಒಬ್ಬೊಬ್ಬರಾಗಿ ಇಳಿದು ಬರುತ್ತಿದ್ದರು. ಬಿಳಿ ಹಾಸಿಗೆಯ ನಡುವೆ ಕಂಬಳಿ ಬಿದ್ದಲ್ಲೇ ಇತ್ತು, ಸಾವ್ಕಾರ ಅದರಿಂದ ದೂರ, ಗೋಡೆಗೆ ಬೆನ್ನು ಹಚ್ಚಿಕೊಂಡು, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ.